ಕರಿದ ಜುಕಿನಿ ಗರಿಗರಿಯಾಗಿ ಉಳಿಯಲು ಏನು ಮಾಡಬೇಕು?

ಸಂಜೆಪಾಕ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಮನೆಗೆ ಆರೇಳು ಜನ ಬರುತ್ತಾರೆ. ಊಟಕ್ಕೆ ಮುಂಚೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಏನಾದರೂ ಬೇಕು. ಜುಕಿನಿ (ಸೌತೆಕಾಯಿಯಂತೆ ಕಾಣುವ, ಕುಂಬಳದ ಜಾತಿಯ ಕಾಯಿ) ಕರಿಯೋಣ ಅಂತಿದ್ದೇನೆ. ಹೇಗೆ ಮಾಡುವುದು ಅಂತ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉಪ್ಪು ಹಚ್ಚಿ ಅರ್ಧ ಗಂಟೆ ಇಡಿ ಅಂತ ಒಬ್ಬರು, ಉಪ್ಪು ಮುಟ್ಟಿಸಲೇಬೇಡಿ ಅಂತ ಇನ್ನೊಬ್ಬರು. ಹಿಟ್ಟು ಕಲಸಿ ಅದ್ದಿ ಅಂತ ಕೆಲವರು, ಮೊಟ್ಟೆ ಮತ್ತು ಬ್ರೆಡ್ ಪುಡಿಯೇ ಸರಿ ಅಂತ ಉಳಿದವರು.

ನನಗೆ ಬೇಕಿರುವುದು ಸರಳವಾದದ್ದು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ತಟ್ಟೆಗೆ ಹಾಕಿ ಹತ್ತು ನಿಮಿಷವಾದರೂ ಮೆತ್ತಗಾಗಬಾರದು. ಬರುವವರಲ್ಲಿ ಇಬ್ಬರು ಮೊಟ್ಟೆ ತಿನ್ನುವುದಿಲ್ಲ. ಮಾಡಿ ಅಭ್ಯಾಸ ಇರುವವರು ಹೇಳಿ.

ಎಣ್ಣೆಬಾಣಲೆ

ಜುಕಿನಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಕರಿಯುವಾಗ ಬರುವ ತೊಂದರೆಗಳೆಲ್ಲ ಆ ನೀರಿನಿಂದಲೇ. ಹೊದಿಕೆ ಕಳಚುವುದು, ಎಣ್ಣೆ ಸಿಡಿಯುವುದು, ಐದು ನಿಮಿಷಕ್ಕೆ ಮೆತ್ತಗಾಗುವುದು, ಎಲ್ಲಕ್ಕೂ ಮೂಲ ಅದೇ.

ಮೊದಲು ಕಾಯಿ. 15 ರಿಂದ 20 ಸೆಂಟಿಮೀಟರ್ ಉದ್ದದ, ಮುಟ್ಟಿದರೆ ಗಟ್ಟಿಯಾಗಿರುವ ಎಳೆಯದನ್ನು ತನ್ನಿ. ತೋಳಿನಷ್ಟು ದಪ್ಪ ಬೆಳೆದದ್ದು ಬೇಡ. ಅದರ ನಡುವೆ ಬರೀ ಬೀಜ ಮತ್ತು ಸ್ಪಂಜಿನಂಥ ತಿರುಳು. ಅಂಥದ್ದೇ ಸಿಕ್ಕಿದರೆ ಉದ್ದಕ್ಕೆ ಸೀಳಿ, ಚಮಚದಿಂದ ಬೀಜದ ಭಾಗ ಕೆರೆದು ತೆಗೆಯಿರಿ. ಸಿಪ್ಪೆ ತೆಗೆಯಬೇಡಿ. ಬೆಂದ ಮೇಲೆ ತುಂಡು ಬಾಗದೆ ನಿಲ್ಲುವುದು ಸಿಪ್ಪೆಯಿಂದಲೇ.

ಒಂದು ಸೆಂಟಿಮೀಟರ್ ದಪ್ಪ, ಏಳೆಂಟು ಸೆಂಟಿಮೀಟರ್ ಉದ್ದದ ಕಡ್ಡಿಗಳಾಗಿ ಕತ್ತರಿಸಿ. ಅರ್ಧ ಕಿಲೋಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ತೂತಿನ ಪಾತ್ರೆಯಲ್ಲಿ 20 ನಿಮಿಷ ಇಡಿ. ಕೆಳಗೆ ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒತ್ತಿ ಒರೆಸಿ. ಸುಮ್ನೆ ತಟ್ಟಿದರೆ ಸಾಲದು.

ಮೂರು ತಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಮೈದಾ, ಒಂದರಲ್ಲಿ ಕಲಕಿದ ಮೊಟ್ಟೆ, ಒಂದರಲ್ಲಿ ಬ್ರೆಡ್ ಪುಡಿ. ಇದೇ ಸಾಲಿನಲ್ಲಿ ಹೋಗಬೇಕು. ಮೈದಾ ಉಳಿದ ಪಸೆ ಹೀರುತ್ತದೆ, ಮೊಟ್ಟೆ ಅಂಟು, ಪುಡಿ ಕವಚ. ಮೈದಾ ಬಿಟ್ಟರೆ ನುಣುಪಾದ ಜುಕಿನಿ ಮೇಲೆ ಮೊಟ್ಟೆ ಜಾರಿ ಹೋಗುತ್ತದೆ. ಒಂದು ಕೈ ಒಣ ತಟ್ಟೆಗಳಿಗೆ, ಇನ್ನೊಂದು ಕೈ ಮೊಟ್ಟೆಗೆ ಮಾತ್ರ. ಇಲ್ಲದಿದ್ದರೆ ಜುಕಿನಿಗಿಂತ ಬೆರಳಿಗೇ ಜಾಸ್ತಿ ಹಿಟ್ಟು ಮೆತ್ತುತ್ತದೆ.

ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಎರಡರಿಂದ ಮೂರು ನಿಮಿಷ. ಹೊಂಬಣ್ಣ ಬಂದ ತಕ್ಷಣ ತೆಗೆಯಿರಿ.

ತೆಳುಹೋಳು

ನಾನು ಇದನ್ನು ಒಪ್ಪುವುದಿಲ್ಲ. ಸರಳ ಬೇಕು ಅಂದವರಿಗೆ ಮೂರು ತಟ್ಟೆ, ಎರಡು ಕೈ, 20 ನಿಮಿಷ ಕಾಯುವುದು! ಬಂದವರು ಅಷ್ಟು ಹೊತ್ತಿಗೆ ಊಟ ಮುಗಿಸಿರುತ್ತಾರೆ.

ಗ್ರೀಸಿನಲ್ಲಿ ಕರಿದ ಜುಕಿನಿ ಅಂದರೆ ಹೆಚ್ಚಾಗಿ ತೆಳು ಬಿಲ್ಲೆ, ಅದರ ಮೇಲೆ ಒಣ ಹಿಟ್ಟು, ಅಷ್ಟೇ. ಜೊತೆಗೆ ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು. ನಾನು ಮಾಡುವುದೂ ಅದೇ. ಎರಡು ಮೂರು ಮಿಲಿಮೀಟರ್ ತೆಳುವಾಗಿ ಕೊಯ್ದು, ಮೈದಾದಲ್ಲಿ ಹೊರಳಿಸಿ, ಜರಡಿಯಲ್ಲಿ ಹಾಕಿ ಅಲ್ಲಾಡಿಸಿ, ಹೆಚ್ಚಿನ ಹಿಟ್ಟು ಉದುರಿಸಿ, ನೇರ ಎಣ್ಣೆಗೆ. ಉಪ್ಪು ಕರಿದ ಮೇಲೆ. ಅಷ್ಟು ತೆಳು ಇದ್ದರೆ ಒಳಗಿನ ನೀರು ಕರಿಯುವಾಗಲೇ ಆವಿಯಾಗಿ ಹೋಗುತ್ತದೆ. ಮೊದಲೇ ಹಿಂಡಿ ತೆಗೆಯುವ ಕೆಲಸ ಯಾಕೆ? ಮೊಟ್ಟೆಯ ಪ್ರಶ್ನೆಯೂ ಇಲ್ಲ.

ಎಣ್ಣೆಬಾಣಲೆ

ತೆಳು ಬಿಲ್ಲೆಗೆ ನಿಮ್ಮ ಮಾತು ಸರಿ. ಆದರೆ ಅವರು ಕೇಳಿದ್ದು ಒಳಗೆ ಮೆತ್ತಗಿರುವುದು. ನಿಮ್ಮದರಲ್ಲಿ ಒಳಗೆ ಅನ್ನುವುದೇ ಇಲ್ಲವಲ್ಲ. ಕಡ್ಡಿಯ ಒಳಗೆ ರಸ ಉಳಿಯುತ್ತದೆ, ಕಚ್ಚಿದರೆ ಜುಕಿನಿ ತಿಂದ ಹಾಗಿರುತ್ತದೆ.

ತೆಳುಹೋಳು

ಒಳಗಿನ ರಸವೇ ತಾನೇ ಹತ್ತು ನಿಮಿಷದಲ್ಲಿ ನಿಮ್ಮ ಬ್ರೆಡ್ ಪುಡಿಯನ್ನು ನೆನೆಸುವುದು 🙂

ಕುದಿಬಿಂದು

ಇಬ್ಬರೂ ಸರಿ. ಉಪ್ಪು ಹಾಕಬೇಕೋ ಬೇಡವೋ ಅನ್ನುವುದನ್ನು ತುಂಡಿನ ದಪ್ಪ ಮತ್ತು ಹೊದಿಕೆ ನೋಡಿ ತೀರ್ಮಾನಿಸಬೇಕು.

ಎಣ್ಣೆಯಲ್ಲಿ ಏನಾಗುತ್ತದೆ ನೋಡಿ. ಎಣ್ಣೆ 180 ಡಿಗ್ರಿ, ನೀರು ಕುದಿಯುವುದು 100 ಡಿಗ್ರಿಗೆ. ತುಂಡು ಬಿದ್ದ ಕೂಡಲೇ ಮೇಲ್ಪದರದ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಆ ಗುಳ್ಳೆಗಳೇ ಅದು. ಆವಿ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಇಲ್ಲ. ಎಣ್ಣೆ ತಣ್ಣಗಿದ್ದರೆ ಆವಿಯ ಒತ್ತಡ ಸಾಲದು. ಹೊದಿಕೆ ಗಟ್ಟಿಯಾಗುವ ಮೊದಲೇ ಎಣ್ಣೆ ಕುಡಿಯುತ್ತದೆ.

ತೆಳು ಬಿಲ್ಲೆಗೆ ಮೇಲ್ಮೈ ಜಾಸ್ತಿ, ಒಳಗೆ ನೀರು ಕಡಿಮೆ. ಒಣ ಹಿಟ್ಟು ಆವಿಯನ್ನು ತಡೆಯುವುದಿಲ್ಲ. ಹಾಗಾಗಿ ಉಪ್ಪು ಬೇಡ. ದಪ್ಪ ಕಡ್ಡಿಗೆ ಬ್ರೆಡ್ ಪುಡಿ ಹೊದಿಸಿದರೆ ಹೊರಗಿನ ಪದರ ಎರಡು ಮೂರು ನಿಮಿಷಕ್ಕೆ ಕೆಂಪಾಗುತ್ತದೆ. ಅಷ್ಟರಲ್ಲಿ ಒಳಗಿನ ನೀರು ಪೂರ್ತಿ ಹೋಗುವುದಿಲ್ಲ. ಅಲ್ಲಿ ಉಪ್ಪು ಹಾಕಿ ಮೊದಲೇ ಸ್ವಲ್ಪ ಇಳಿಸಿದರೆ ಲಾಭ. ಕಲಸಿದ ಹಿಟ್ಟಿನಲ್ಲಿ ಅದ್ದುವುದಾದರೂ ಹಾಗೇ. ಇಲ್ಲದಿದ್ದರೆ ಹೊದಿಕೆಗೂ ಜುಕಿನಿಗೂ ನಡುವೆ ಆವಿ ಸೇರಿ, ಚೀಲದಂತೆ ಉಬ್ಬಿ ಕಳಚುತ್ತದೆ.

ಇನ್ನೊಂದು ವಿಷಯ ಅನೇಕರು ಗಮನಿಸುವುದಿಲ್ಲ. ಎಣ್ಣೆಯ ದೊಡ್ಡ ಪಾಲು ಒಳಗೆ ಹೋಗುವುದು ಬಾಣಲೆಯಲ್ಲಲ್ಲ, ಹೊರಗೆ ತೆಗೆದ ಮೇಲೆ. ತುಂಡು ತಣಿಯುವಾಗ ಒಳಗಿನ ಆವಿ ಕುಗ್ಗಿ, ಮೇಲೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ತೆಗೆದ ಕ್ಷಣದಲ್ಲೇ ಜಾಲರಿ ಸೌಟನ್ನು ಬಾಣಲೆಯ ಮೇಲೆ ಒಮ್ಮೆ ಚೆನ್ನಾಗಿ ಕೊಡವಬೇಕು.

ತಿಂಡಿಪೋತ

ಇಷ್ಟು ಓದಿ ಹಸಿವಾಯಿತು. ಒಂದೂ ಫೋಟೋ ಇಲ್ಲ. ಇದು ಅನ್ಯಾಯ ಅಲ್ವಾ?

ಸಂಜೆಪಾಕ

ಎಲ್ಲರಿಗೂ ಧನ್ಯವಾದ. ಕಡ್ಡಿಯೇ ಮಾಡುತ್ತೇನೆ. ಈಗ ಎರಡು ಪ್ರಶ್ನೆ. ಮೊಟ್ಟೆ ಬದಲು ಏನು? ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ, 180 ಡಿಗ್ರಿ ಅಂತ ಹೇಗೆ ಗೊತ್ತಾಗುತ್ತದೆ?

ಮೊಟ್ಟೆಬೇಡ

ನಾಲ್ಕು ಊಟದ ಚಮಚ ಮೈದಾ, ಎರಡು ಚಮಚ ಕಾರ್ನ್‌ಫ್ಲೋರ್, ಅರ್ಧ ಕಪ್‌ಗಿಂತ ಸ್ವಲ್ಪ ಕಡಿಮೆ ನೀರು. ಗಂಟಿಲ್ಲದಂತೆ ಕಲಸಿ. ಚಮಚ ಅದ್ದಿ ತೆಗೆದರೆ ಹಿಂಬದಿಗೆ ತೆಳುವಾಗಿ ಅಂಟಿ ನಿಲ್ಲಬೇಕು. ಅದೇ ನಿಮ್ಮ ಮೊಟ್ಟೆ. ಅಂಟುವ ಕೆಲಸ ಪೂರ್ತಿ ಮಾಡುತ್ತದೆ. ಬಣ್ಣ ಮಾತ್ರ ಮೊಟ್ಟೆಯಷ್ಟು ಗಾಢವಾಗಿ ಬರುವುದಿಲ್ಲ. ನೀರಿನ ಬದಲು ಹಾಲು ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ, ಹಾಲಿನ ಸಕ್ಕರೆ ಮತ್ತು ಪ್ರೋಟೀನು ಬೇಗ ಕೆಂಪಾಗುತ್ತವೆ. ತೆಳು ಮಾಡಿದ ಮೊಸರೂ ಆಗುತ್ತದೆ, ಸಣ್ಣ ಹುಳಿ ಜುಕಿನಿಗೆ ಚೆನ್ನಾಗಿ ಒಗ್ಗುತ್ತದೆ.

ಒಂದು ವಿನಂತಿ. ಎರಡು ಬಗೆ ಮಾಡುವ ಬದಲು ಎಲ್ಲರಿಗೂ ಮೊಟ್ಟೆ ಇಲ್ಲದ್ದನ್ನೇ ಮಾಡಿ. ಇಲ್ಲದಿದ್ದರೆ ಅದೇ ಎಣ್ಣೆ, ಅದೇ ಸೌಟು, ಅದೇ ತಟ್ಟೆ ಅಂತ ತಲೆಬಿಸಿ. ತಿನ್ನದವರಿಗೆ ತಿನ್ನಲು ಸಂಕೋಚ, ಕೇಳಲೂ ಸಂಕೋಚ.

ಎಣ್ಣೆಬಾಣಲೆ

ಶಾಖ ನೋಡಲು ಬ್ರೆಡ್ಡಿನ ಸಣ್ಣ ಚೂರು ಹಾಕಿ. ತಕ್ಷಣ ಮೇಲೆದ್ದು, ಸುತ್ತ ಗುಳ್ಳೆ ಬಂದು, ಅರ್ಧದಿಂದ ಒಂದು ನಿಮಿಷದೊಳಗೆ ಹೊಂಬಣ್ಣಕ್ಕೆ ಬಂದರೆ ಎಣ್ಣೆ ಸಿದ್ಧ. ಹತ್ತು ಸೆಕೆಂಡಿಗೇ ಕಪ್ಪಗಾದರೆ ಉರಿ ಇಳಿಸಿ ಸ್ವಲ್ಪ ಕಾಯಿರಿ. ಒಣಗಿದ ಮರದ ಸೌಟಿನ ಹಿಡಿಯನ್ನು ಇಳಿಬಿಟ್ಟರೂ ಆಗುತ್ತದೆ, ಸುತ್ತ ಸಣ್ಣ ಗುಳ್ಳೆ ನಿಲ್ಲದೆ ಏಳಬೇಕು.

ಒಂದು ಸಲಕ್ಕೆ ಆರೆಂಟು ಕಡ್ಡಿ ಸಾಕು. ಬಾಣಲೆ ತುಂಬ ಸುರಿದರೆ ಎಣ್ಣೆಯ ಶಾಖ ಒಮ್ಮೆಗೇ ಬೀಳುತ್ತದೆ, ಆಮೇಲೆ ಎಷ್ಟು ಉರಿ ಏರಿಸಿದರೂ ಆ ಕಂತು ಎಣ್ಣೆ ಎಣ್ಣೆಯಾಗಿಯೇ ಬರುತ್ತದೆ. ಪ್ರತಿ ಕಂತಿನ ನಡುವೆ ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಬಿಡಿ. ಉದುರಿದ ಪುಡಿಯನ್ನು ಸಣ್ಣ ಜಾಲರಿಯಿಂದ ತೆಗೆದುಬಿಡಿ, ಇಲ್ಲವಾದರೆ ಅದು ಕರಟಿ ಮುಂದಿನ ಕಂತಿಗೆಲ್ಲ ಕಹಿ ಹಿಡಿಸುತ್ತದೆ.

ಎಣ್ಣೆ ಯಾವುದು ಅಂತ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಂಸ್ಕರಿಸಿದ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ. ಘಮಘಮ ಎಣ್ಣೆ ಬೇಡ. ಜುಕಿನಿಯ ರುಚಿ ತುಂಬ ಸಣ್ಣದು, ಸುಲಭವಾಗಿ ಮುಚ್ಚಿಹೋಗುತ್ತದೆ.

ಸೋಡಾಬಾಟಲಿ

ಅದ್ದಿ ಕರಿಯುವವರ ಪರವಾಗಿ ಒಂದು ಮಾತು. ಮುಕ್ಕಾಲು ಕಪ್ ಮೈದಾ, ಕಾಲು ಕಪ್ ಕಾರ್ನ್‌ಫ್ಲೋರ್, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಸೋಡಾ ನೀರು, ಮುಕ್ಕಾಲು ಕಪ್ಪಿನಿಂದ ಶುರು ಮಾಡಿ ಬೇಕಾದಷ್ಟು. ಸೋಡಾ ಹಾಕುವುದು ಎಣ್ಣೆ ಕಾದ ಮೇಲೆ, ಮೊದಲೇ ಅಲ್ಲ. ಏಳೆಂಟು ಸುತ್ತು ಕಲಸಿ ನಿಲ್ಲಿಸಿ. ಸಣ್ಣ ಗಂಟು ಇದ್ದರೆ ಇರಲಿ. ಜಾಸ್ತಿ ಕಲಸಿದರೆ ಮೈದಾದ ಗ್ಲೂಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು, ಬಲಿತು ಹೊದಿಕೆ ರಬ್ಬರಾಗುತ್ತದೆ. ತಣ್ಣನೆಯ ನೀರು ಅದನ್ನು ನಿಧಾನ ಮಾಡುತ್ತದೆ. ಕಾರ್ನ್‌ಫ್ಲೋರಿನಲ್ಲಿ ಗ್ಲೂಟೆನ್ನೇ ಇಲ್ಲ, ಅದಕ್ಕೇ ಅದು ಇರಬೇಕು.

ಅದ್ದುವ ಮೊದಲು ಕಡ್ಡಿಗಳನ್ನು ಒಣ ಕಾರ್ನ್‌ಫ್ಲೋರಿನಲ್ಲಿ ಒಮ್ಮೆ ಹೊರಳಿಸಿ. ಕಳಚುವ ತೊಂದರೆ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಬಾಯಿಗೆ ಬ್ರೆಡ್ ಪುಡಿಗಿಂತ ಹಗುರ. ಆದರೆ ಇದು ಒಲೆಯಿಂದ ನೇರ ತಟ್ಟೆಗೆ ಹೋಗುವ ತಿಂಡಿ. ಕಾಯುವುದಿಲ್ಲ.

ಕುದಿಬಿಂದು

ಹಾಗಾದರೆ ಸಂಜೆಪಾಕ ಅವರಿಗೆ ಬ್ರೆಡ್ ಪುಡಿಯೇ ಸರಿ. ಅದರಲ್ಲೂ ದಪ್ಪ ಚೂರುಗಳ ಪಾಂಕೊ ಪುಡಿ. ಚೂರುಗಳ ನಡುವೆ ಜಾಗ ಇರುವುದರಿಂದ ಆವಿ ಹೊರಗೆ ಹೋಗುತ್ತದೆ, ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಿತ್ತಲಬಳ್ಳಿ

ಮನೆಯಲ್ಲಿ ಬೆಳೆದ ಜುಕಿನಿ ಬಳಸುವವರು ದಯವಿಟ್ಟು ಇದನ್ನು ಓದಿ. ಕತ್ತರಿಸುವಾಗ ತುದಿಯ ಒಂದು ಸಣ್ಣ ಚೂರನ್ನು ಹಸಿಯಾಗಿ ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಎಸೆಯಿರಿ.

ಕುಂಬಳದ ಜಾತಿಯ ಗಿಡಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಇರಬಹುದು. ತಿನ್ನಲು ಬೆಳೆಸುವ ತಳಿಗಳಲ್ಲಿ ಅದನ್ನು ಬಹುತೇಕ ಇಲ್ಲವಾಗಿಸಿದ್ದಾರೆ. ಆದರೆ ಮನೆಯಲ್ಲಿ ಎತ್ತಿಟ್ಟ ಬೀಜದಲ್ಲಿ ಅದು ವಾಪಸ್ ಬರಬಹುದು. ಪಕ್ಕದಲ್ಲಿ ಅಲಂಕಾರದ ಕುಂಬಳ ಇದ್ದು ಪರಾಗ ಬೆರೆತರೆ ಆ ಬೀಜದಿಂದ ಬಂದ ಗಿಡದ ಕಾಯಿ ಕಹಿಯಾಗುತ್ತದೆ. ವಾಂತಿ, ಭೇದಿ, ಹೊಟ್ಟೆನೋವು ಸಾಮಾನ್ಯ. 2015ರಲ್ಲಿ ಜರ್ಮನಿಯಲ್ಲಿ 79 ವರ್ಷದ ಒಬ್ಬರು ಮನೆಯಲ್ಲಿ ಬೆಳೆದ ಕಹಿ ಜುಕಿನಿಯ ಅಡುಗೆ ತಿಂದು ತೀರಿಕೊಂಡರು.

ತಿಂಡಿಪೋತ

ಅಯ್ಯೋ! ಉಪ್ಪು ಹಚ್ಚಿ ಹಿಂಡಿದರೆ ಕಹಿ ಹೋಗುತ್ತದೆ ಅಂತ ಕೇಳಿದ್ದೆ. ಚೆನ್ನಾಗಿ ಕರಿದರೂ ಹೋಗುವುದಿಲ್ಲವಾ?

ಹಿತ್ತಲಬಳ್ಳಿ

ಹೋಗುವುದಿಲ್ಲ. ಶಾಖಕ್ಕೆ ಅದು ಜಗ್ಗುವುದಿಲ್ಲ. ಬೇಯಿಸಿದರೂ, ಕರಿದರೂ ಇರುತ್ತದೆ. ಉಪ್ಪು ನೀರನ್ನು ಇಳಿಸುತ್ತದೆ, ವಿಷವನ್ನಲ್ಲ. ಮಸಾಲೆ ಹಾಕಿ ಕಹಿ ಮುಚ್ಚುವುದಂತೂ ಇನ್ನೂ ಅಪಾಯ. ಹೆದರಬೇಡಿ, ಅಂಗಡಿಯ ಕಾಯಿಯಲ್ಲಿ ಇದು ತುಂಬ ಅಪರೂಪ. ರುಚಿ ನೋಡಲು ಎರಡು ಸೆಕೆಂಡು ಸಾಕು ತಾನೇ?

ಅಂದ ಹಾಗೆ, ಬಳ್ಳಿ ಇದ್ದವರು ಹೂವನ್ನೂ ಕರಿಯಿರಿ. ಗಂಡು ಹೂವು ತೆಳ್ಳಗಿನ ಉದ್ದ ತೊಟ್ಟಿನ ಮೇಲೆ ಇರುತ್ತದೆ, ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ. ಗಂಡು ಹೂವನ್ನು ಕಿತ್ತರೆ ಬೆಳೆಗೆ ನಷ್ಟವಿಲ್ಲ, ಪರಾಗಕ್ಕೆ ಒಂದಷ್ಟು ಬಿಟ್ಟರಾಯಿತು. ಸೋಡಾಬಾಟಲಿ ಅವರ ಹಿಟ್ಟು ಅದಕ್ಕೆ ಹೇಳಿ ಮಾಡಿಸಿದ್ದು.

ಎಣ್ಣೆಕಡಿಮೆ

ಬಿಸಿ ಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್ ಅಂತ ಒಂದು ಇದೆ, ಯಾರೂ ಮಾತೇ ಆಡುತ್ತಿಲ್ಲ! 200 ಡಿಗ್ರಿ, ಹತ್ತರಿಂದ ಹನ್ನೆರಡು ನಿಮಿಷ, ನಡುವೆ ಒಮ್ಮೆ ತಿರುಗಿಸಬೇಕು. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ. ಮೇಲೆ ಎಣ್ಣೆ ಚಿಮುಕಿಸಲೇಬೇಕು, ಇಲ್ಲದಿದ್ದರೆ ಪುಡಿ ಒಣಗುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಒಂದು ಉಪಾಯ: ಬ್ರೆಡ್ ಪುಡಿಯನ್ನು ಮೊದಲೇ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ ತಿಳಿ ಹೊಂಬಣ್ಣಕ್ಕೆ ಹುರಿದುಕೊಳ್ಳಿ. ಆಮೇಲೆ ಬಣ್ಣದ ಚಿಂತೆ ಇಲ್ಲ.

ತೆಳುಹೋಳು

ತಪ್ಪು ತಿಳಿಯಬೇಡಿ, ಅದು ಬೇಕ್ ಮಾಡಿದ ಜುಕಿನಿ. ರುಚಿಯಾಗಿಯೇ ಇರುತ್ತದೆ. ಕರಿದದ್ದು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಎಣ್ಣೆಕಡಿಮೆ

ಕರೆಯಬೇಡಿ. ತಿನ್ನಿ ಸಾಕು.

ಸೋಡಾಬಾಟಲಿ

ಏರ್ ಫ್ರೈಯರಿಗೆ ನನ್ನ ಕಲಸಿದ ಹಿಟ್ಟು ಮಾತ್ರ ಹಾಕಬೇಡಿ. ಗಟ್ಟಿಯಾಗುವ ಮೊದಲೇ ತೊಟ್ಟಿಕ್ಕಿ ಬುಟ್ಟಿಗೆಲ್ಲ ಮೆತ್ತುತ್ತದೆ.

ನಿರ್ವಾಹಕ

ಮಾತಿನ ನಡುವೆ ಒಂದು ಮುಖ್ಯ ವಿಷಯ. ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಹಾಕಬೇಡಿ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಒದ್ದೆ ತುಂಡು ಎಣ್ಣೆಗೆ ಬಿದ್ದಾಗ ಅದು ಉಕ್ಕುವುದು, ಸಿಡಿಯುವುದು ಅದರಿಂದಲೇ. ತುಂಡುಗಳನ್ನು ಮೇಲಿಂದ ಎಸೆಯದೆ, ಎಣ್ಣೆಯ ಹತ್ತಿರದಿಂದ, ನಿಮ್ಮಿಂದ ಆಚೆ ಕಡೆಗೆ ಜಾರಿಸಿ ಬಿಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಯಾವ ಕಾರಣಕ್ಕೂ ನೀರು ಹಾಕಬೇಡಿ, ಬಾಣಲೆಯನ್ನು ಎತ್ತಿಕೊಂಡು ಹೋಗಲೂ ಬೇಡಿ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ. ಬೆಂಕಿ ಕೈಮೀರಿದರೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಅತಿಥಿಗಳ ಜೊತೆ ಮಾತಾಡುತ್ತ ಒಲೆ ಬಿಟ್ಟು ಹೋಗುವುದೂ ಬೇಡ.

ಸಂಜೆಪಾಕ

ಅದೇ ನನ್ನ ಚಿಂತೆ. ಜನ ಬಂದ ಮೇಲೆ ಒಲೆ ಮುಂದೆ ನಿಲ್ಲುವುದು ಕಡಿಮೆಯಾಗಬೇಕು. ಮೊದಲೇ ಏನೇನು ಮಾಡಿಡಬಹುದು? ಅದ್ದಿಕೊಳ್ಳಲು ಏನು ಇಡಲಿ?

ಎಣ್ಣೆಬಾಣಲೆ

ಬ್ರೆಡ್ ಪುಡಿ ಹೊದಿಸುವ ತನಕ ಎಲ್ಲ ಮೊದಲೇ ಮಾಡಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಫ್ರಿಜ್ಜಿನಲ್ಲಿ ಇಡಿ. 20 ನಿಮಿಷ ಇಟ್ಟರೆ ಹೊದಿಕೆ ಇನ್ನೂ ಬಿಗಿಯಾಗಿ ಕೂರುತ್ತದೆ. ಒಂದು ಗಂಟೆ ದಾಟಿಸಬೇಡಿ, ಜುಕಿನಿ ಮತ್ತೆ ನೀರು ಬಿಡಲು ಶುರು ಮಾಡುತ್ತದೆ, ಪುಡಿ ಪೇಸ್ಟಾಗುತ್ತದೆ.

ಕರಿದ ಮೇಲೆ ಕಾಗದದ ಮೇಲೆ ರಾಶಿ ಹಾಕುವುದು ಬೇಡ. ಕೆಳಗಿನವು ತಮ್ಮದೇ ಆವಿಗೆ ನೆನೆಯುತ್ತವೆ. ತಂತಿಯ ಜಾಲರಿ ಮೇಲೆ ಹರಡಿ, ಸುತ್ತ ಗಾಳಿ ಆಡಲಿ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಜಾಲರಿ ಸಮೇತ ಇಟ್ಟರೆ ಇಪ್ಪತ್ತು ನಿಮಿಷ ಬಿಸಿಯಾಗಿ, ಗರಿಯಾಗಿ ಇರುತ್ತವೆ. ಮುಚ್ಚಳ ಮಾತ್ರ ಮುಚ್ಚಬೇಡಿ. ಆಮೇಲೆ ಬಿಸಿ ಮಾಡಬೇಕಾದರೂ ಓವನ್ ಅಥವಾ ಏರ್ ಫ್ರೈಯರ್. ಮೈಕ್ರೋವೇವ್ ಮುಟ್ಟಬೇಡಿ.

ಮೊಟ್ಟೆಬೇಡ

ಅದ್ದಿಕೊಳ್ಳಲು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿ ನೀರು ಸೋಸಿಡಿ. ಅದಕ್ಕೆ ಅರ್ಧ ಎಸಳು ಬೆಳ್ಳುಳ್ಳಿ ಅರೆದು, ನಿಂಬೆರಸ, ಉಪ್ಪು, ಸಣ್ಣಗೆ ಹೆಚ್ಚಿದ ಪುದೀನ. ನೀರು ಮೊಸರು ಹಾಕಿದರೆ ಅದ್ದಿದ ತುದಿ ತಕ್ಷಣ ನೆನೆಯುತ್ತದೆ, ಗಟ್ಟಿಯೇ ಇರಲಿ. ಟೊಮ್ಯಾಟೊ ಸಾಸ್ ಇಡುವುದಾದರೆ ಚೆನ್ನಾಗಿ ಕುದಿಸಿ ಇಳಿಸಿದ್ದು. ಎರಡನ್ನೂ ಹಿಂದಿನ ದಿನವೇ ಮಾಡಿಡಬಹುದು.

ಬೆಳ್ಳುಳ್ಳಿಯನ್ನು ಬ್ರೆಡ್ ಪುಡಿಗೆ ಹಸಿಯಾಗಿ ಬೆರೆಸಬೇಡಿ, ಸುಟ್ಟು ಕಹಿಯಾಗುತ್ತದೆ. ತುರಿದ ಪಾರ್ಮೆಸಾನ್ ಚೀಸ್ ಬೆರೆಸುವವರು ಎಣ್ಣೆಯನ್ನು 170 ಡಿಗ್ರಿಗೆ ಇಳಿಸಿಕೊಳ್ಳಿ, ಅದು ಬೇಗ ಕಪ್ಪಾಗುತ್ತದೆ. ಕೆಲವು ಚೀಸ್ ತಯಾರಿಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ, ಸಾಂಪ್ರದಾಯಿಕ ಪಾರ್ಮೆಸಾನ್ ಅಂಥದ್ದು. ಮೊಟ್ಟೆ ತಿನ್ನದ ಆ ಇಬ್ಬರನ್ನು ಒಮ್ಮೆ ಕೇಳಿ.

ಸಂಜೆಪಾಕ

ಚೀಸ್ ಬಿಟ್ಟೇಬಿಡುತ್ತೇನೆ. ಕೊನೆಯ ಪ್ರಶ್ನೆ. ಉಳಿದ ಎಣ್ಣೆ, ಉಳಿದ ಬ್ರೆಡ್ ಪುಡಿ ಏನು ಮಾಡುವುದು?

ಎಣ್ಣೆಬಾಣಲೆ

ಎಣ್ಣೆ ಪೂರ್ತಿ ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಬಾಟಲಿಯಲ್ಲಿ ಕತ್ತಲೆ ಜಾಗದಲ್ಲಿ ಇಡಿ. ಬ್ರೆಡ್ ಪುಡಿ ಕರಿದ ಎಣ್ಣೆ ಬೇಗ ಹಾಳಾಗುತ್ತದೆ. ಒಂದೆರಡು ಸಲ ಬಳಸಿದರೆ ಮುಗಿಯಿತು. ಅಂಟಂಟಾದರೆ, ನೊರೆ ಬಂದರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ, ವಾಸನೆ ಬಂದರೆ ಎಸೆಯಿರಿ. ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಳೆ ಡಬ್ಬಿಗೆ ಹಾಕಿ ಮುಚ್ಚಿ ಕಸಕ್ಕೆ ಕೊಡಿ.

ಒದ್ದೆ ತುಂಡು ಬಿದ್ದ ಪುಡಿಯನ್ನು ವಾಪಸ್ ಡಬ್ಬಿಗೆ ಹಾಕಬೇಡಿ, ಬೂಸ್ಟು ಬರುತ್ತದೆ. ಮೊಟ್ಟೆ ತಾಗಿದ್ದರಂತೂ ಎಸೆಯುವುದೇ ಸರಿ. ಮೊಟ್ಟೆ ಇಲ್ಲದಿದ್ದರೆ ಉಳಿದ ಹಿಟ್ಟು, ಪುಡಿ ಎಲ್ಲ ಕಲಸಿ, ಜುಕಿನಿಯ ತುದಿಗಳನ್ನು ತುರಿದು ಹಿಂಡಿ ಸೇರಿಸಿ, ಚಪ್ಪಟೆ ಮಾಡಿ ಅದೇ ಎಣ್ಣೆಯಲ್ಲಿ ಕರಿದುಬಿಡಿ.

ತಿಂಡಿಪೋತ

ಆ ಕೊನೆಯದರ ಅಳತೆ ಸ್ವಲ್ಪ ಹೇಳ್ತೀರಾ?

ಎಣ್ಣೆಬಾಣಲೆ

ಅಳತೆ ಇಲ್ಲ. ಕೈಯಲ್ಲಿ ಹಿಡಿದು ತಟ್ಟಿದರೆ ಒಡೆಯಬಾರದು. ಒಡೆದರೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ.